‘ಕೀಳಿದೆ’ ಅಲ್ಲ, ‘ಕಿತ್ತೆ’: ಮನೆಮಾತಿನ ಒಂದು ಕ್ರಿಯಾಪದದ ಬೇರು ಹುಡುಕುವುದು ಹೇಗೆ

ದಸರಾ ರಜೆಗೆ ಬೆಂಗಳೂರಿಂದ ಬಂದಿದ್ದ ಅಕ್ಕನ ಮಗಳು ಮಂಡ್ಯದ ನಮ್ಮ ಮನೆ ಜಗುಲಿಯಲ್ಲಿ ಕೂತು ಅಜ್ಜಿಯ, ಅಂದರೆ ನನ್ನ ಅಮ್ಮನ, ತಲೆಯಲ್ಲಿ ಬಿಳಿಕೂದಲು ಹುಡುಕುತ್ತಿದ್ದಳು. ಹತ್ತು ಕೂದಲಿಗೆ ಐದು ರೂಪಾಯಿ ಅಂತ ಇಬ್ಬರಿಗೂ ಒಪ್ಪಂದ. ಸ್ವಲ್ಪ ಹೊತ್ತಾದ ಮೇಲೆ ಕೂಗಿದಳು, “ಅಜ್ಜಿ, ಆರು ಕೀಳಿದೆ!” ಅಮ್ಮ ತಲೆ ಅಲುಗಿಸದೆ, “ಕೀಳಿದೆ ಅಲ್ಲ ಕಣವ್ವ, ಕಿತ್ತೆ ಅನ್ನು” ಅಂದರು. ಅವಳು ಬಿಡಲಿಲ್ಲ. “ಕೇಳು ಅಂದ್ರೆ ಕೇಳಿದೆ, ಹೇಳು ಅಂದ್ರೆ ಹೇಳಿದೆ, ಹಂಗಾದ್ರೆ ಕೀಳು ಅಂದ್ರೆ ಕೀಳಿದೆ ಯಾಕಾಗಲ್ಲ?” ಅಮ್ಮನಿಗೆ ಯಾವುದು ಸರಿ ಅಂತ ಗೊತ್ತು, ಯಾಕೆ ಅಂತ ಹೇಳೋಕೆ ಆಗಲಿಲ್ಲ. “ನಿಮ್ ಚಿಕ್ಕಮ್ಮನ್ನ ಕೇಳು” ಅಂತ ನನ್ನ ಕಡೆ ಕೈ ತೋರಿಸಿದರು.

ಪ್ರಶ್ನೆ ತುಂಬಾ ಚೆನ್ನಾಗಿದೆ ಅಲ್ವಾ? ಮಗು ತಪ್ಪು ಮಾತಾಡಿಲ್ಲ, ನಿಯಮ ಹುಡುಕಿದೆ. ಆ ನಿಯಮ ಇಲ್ಲಿ ಯಾಕೆ ಮುರಿಯುತ್ತದೆ ಅಂತ ನೋಡಲು ಹೋದರೆ ಸಾವಿರ ವರ್ಷದ ಹಿಂದಿನ ಕನ್ನಡದವರೆಗೆ ದಾರಿ ಸಿಗುತ್ತದೆ. ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಹಿಡಿದಿರುವುದು ‘ಕೀಳು’ ಒಂದನ್ನೇ, ಆದರೆ ನಿಮ್ಮ ಮನೆಯ ಯಾವ ಕ್ರಿಯಾಪದವನ್ನಾದರೂ ಹೀಗೇ ಹಿಡಿದು ನೋಡಬಹುದು. ದುಡ್ಡು ಬೇಡ, ಡಿಗ್ರಿ ಬೇಡ. ಒಂದು ನೋಟ್‌ಬುಕ್ಕು, ಒಂದು ಫೋನು, ಮನೆಯಲ್ಲಿ ವಯಸ್ಸಾದವರು ಒಬ್ಬರು ಇದ್ದರೆ ಸಾಕು.

ಮೊದಲು ನಿಘಂಟು ಮುಚ್ಚಿಡಿ

ತುಂಬಾ ಜನ ಮೊದಲೇ ನಿಘಂಟು ತೆಗೆಯುತ್ತಾರೆ. ಬೇಡ. ಮೊದಲು ಒಂದು ವಾರ ಸುಮ್ನೆ ಕಿವಿ ಕೊಡಿ. ಈ ಪದವನ್ನು ಜನ ಯಾವ ಯಾವ ವಸ್ತುವಿನ ಜೊತೆ ಹೇಳುತ್ತಾರೆ ಅಂತ ಬರೆದುಕೊಳ್ಳಿ.

ನನ್ನ ಪಟ್ಟಿ ಹೀಗೆ ಬೆಳೆಯಿತು. ಬಿಳಿಕೂದಲು ಕೀಳು. ಹಲ್ಲು ಕೀಳು. ಕಳೆ ಕೀಳು. ಗೋಡೆಗೆ ಹೊಡೆದ ಮೊಳೆ ಕೀಳು. ಕೋಳಿ ಪುಕ್ಕ ಕೀಳು. ಎಳನೀರು ಕೀಳು, ಮಾವಿನಕಾಯಿ ಕೀಳು, ಕಡಲೆಕಾಯಿ ಗಿಡ ಕೀಳು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮೇಲೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತು: ಒಟ್ಲಿನಿಂದ, ಅಂದರೆ ಸಸಿಮಡಿಯಿಂದ, ಪೈರು ಕೀಳು. ಬೆಳಿಗ್ಗೆ ಪೈರು ಕಿತ್ತು, ಕಂತೆ ಕಟ್ಟಿ, ಗದ್ದೆಗೆ ಎಸೆದು, ಆಮೇಲೆ ನಾಟಿ. ಮೈಸೂರಿನ ಪಾರ್ಕುಗಳಲ್ಲಿ ‘ಹೂ ಕೀಳಬಾರದು’ ಅಂತ ಬೋರ್ಡು. ಆದರೆ ಅದೇ ಮೈಸೂರಿನ ಮನೆಗಳಲ್ಲಿ ಬೆಳಿಗ್ಗೆ ಪೂಜೆಗೆ ‘ಹೂ ಬಿಡಿಸಿಕೊಂಡು ಬಾ’ ಅನ್ನುತ್ತಾರೆ. ಇದನ್ನು ಪಕ್ಕದಲ್ಲೇ ಗುರುತು ಹಾಕಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಪಟ್ಟಿ ಇಪ್ಪತ್ತರ ಹತ್ತಿರ ಬಂದಾಗ ಒಂದು ಆಕಾರ ಕಾಣುತ್ತದೆ. ಕೀಳುವ ವಸ್ತು ಯಾವಾಗಲೂ ಎಲ್ಲೋ ಒಂದು ಕಡೆ ನೆಟ್ಟುಕೊಂಡಿರುತ್ತದೆ ಅಥವಾ ಅಂಟಿಕೊಂಡಿರುತ್ತದೆ. ಅದನ್ನು ಹಿಡಿದು ಎಳೆದರೆ ಬುಡ ಬಿಟ್ಟು ಕೈಗೆ ಬರಬೇಕು. ಕೈಗೆ ಬರದಿದ್ದರೆ ಅದು ಕೀಳುವುದಲ್ಲ.

ಇದನ್ನು ಪರೀಕ್ಷೆ ಮಾಡಲು ಒಂದೇ ಪದ ಬದಲಾಯಿಸಿ ಎರಡು ವಾಕ್ಯ ಮಾಡಿ. ‘ತಮ್ಮ ನನ್ನ ಕೂದಲು ಎಳೆದ’, ‘ತಮ್ಮ ನನ್ನ ಕೂದಲು ಕಿತ್ತ’. ಮೊದಲನೆಯದರಲ್ಲಿ ಕೂದಲು ಇನ್ನೂ ನನ್ನ ತಲೆಯಲ್ಲೇ ಇದೆ. ಎರಡನೆಯದರಲ್ಲಿ ಅವನ ಕೈಯಲ್ಲಿದೆ. ಎಳೆಯುವುದು ಬರೀ ಕೆಲಸ, ಕೀಳುವುದು ಕೆಲಸ ಮತ್ತು ಅದರ ಫಲ ಎರಡೂ. ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಯಾವ ಪದಕ್ಕಾದರೂ ಇಂಥ ಜೋಡಿ ಒಂದು ಸಿಕ್ಕಿತೆಂದರೆ ಅರ್ಥ ಅರ್ಧ ಸಿಕ್ಕ ಹಾಗೆ.

ಹಾಗೇ ಅಕ್ಕಪಕ್ಕದ ಪದಗಳನ್ನೂ ಕರೆಯಿರಿ. ಸೊಪ್ಪಿನ ಕುಡಿ ಚಿವುಟುತ್ತೇವೆ. ಉಗುರಿನಲ್ಲಿ ಮಾಡುವ ಕೆಲಸ, ಬೇರು ಅಲ್ಲೇ ಇರುತ್ತದೆ, ಮತ್ತೆ ಚಿಗುರುತ್ತದೆ. ರಾಗಿ ಕೊಯ್ಯುತ್ತೇವೆ, ಕುಡುಗೋಲು ಬೇಕು. ಕಬ್ಬು ಕಡಿಯುತ್ತೇವೆ, ಅದಕ್ಕೆ ಮಚ್ಚು ಬೇಕು. ಕಬ್ಬು ಕಿತ್ತೆ ಅಂದರೆ ಮಂಡ್ಯದವರು ‘ಯಾಕೆ, ಬೇರು ಸಮೇತ ಯಾಕೆ ಕಿತ್ತೆ’ ಅಂತ ಕೇಳುತ್ತಾರೆ. ಬಟ್ಟೆ, ಕಾಗದ ಹರಿಯುತ್ತೇವೆ. ತಲೆ ಬೋಳಿಸುತ್ತೇವೆ, ಬುಡ ಒಳಗೇ ಉಳಿಯುತ್ತದೆ. ಹುಬ್ಬನ್ನು ತಿದ್ದಿಸುತ್ತೇವೆ ಅಥವಾ ತೀಡಿಸುತ್ತೇವೆ. ಪಾರ್ಲರಿನಲ್ಲಿ ದಾರ ಹಿಡಿದು ಕೂದಲನ್ನು ಕಿತ್ತೇ ತೆಗೆಯುವುದಾದರೂ ನಾವು ಹೇಳುವುದು ಹುಬ್ಬಿನ ಆಕಾರದ ಬಗ್ಗೆ, ಕೂದಲಿನ ಬಗ್ಗೆ ಅಲ್ಲ. ಪ್ಲಕ್ಕರ್ ಹಿಡಿದು ಗಲ್ಲದ ಮೇಲಿನ ಒಂದು ಕೂದಲು ತೆಗೆದಾಗ ಮಾತ್ರ ಮತ್ತೆ ಕೀಳುವುದೇ ಬರುತ್ತದೆ.

ಈಗ ಆ ಹೂವಿನ ಗುರುತಿಗೆ ಬನ್ನಿ. ದೇವರ ಹೂವಿಗೆ ‘ಬಿಡಿಸು’ ಅನ್ನುವವರು ಗಿಡದ ಕೈಯಿಂದ ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದಾರೆ. ಪಾರ್ಕಿನ ಬೋರ್ಡಿಗೆ ‘ಕೀಳು’ ಬೇಕು, ಯಾಕೆಂದರೆ ಅದು ಬಯ್ಯುತ್ತಿದೆ. ‘ಹೂ ಬಿಡಿಸಬಾರದು’ ಅಂತ ಬರೆದಿದ್ದರೆ ಅಷ್ಟು ಖಾರ ಇರುತ್ತಿರಲಿಲ್ಲ. ಕೀಳುವುದರಲ್ಲಿ ಒಂದು ಸಣ್ಣ ಬಲವಂತ ಇದೆ. ಅಮ್ಮ ಪ್ರತಿ ಕೂದಲಿಗೂ ‘ಸ್‌’ ಅನ್ನುತ್ತಿದ್ದುದು ಸುಮ್ನೆ ಅಲ್ಲ.

ಭೂತಕಾಲವನ್ನು ಜೋರಾಗಿ ಹೇಳಿ

ಇದು ಮುಖ್ಯ ಹೆಜ್ಜೆ. ಯಾವುದೇ ಕ್ರಿಯಾಪದದ ಮೂಲ ಬೇಕಾದರೆ ಅದರ ವರ್ತಮಾನ ರೂಪವನ್ನು ನಂಬಬೇಡಿ, ನಿನ್ನೆ ನಡೆದದ್ದನ್ನು ಹೇಳುವ ರೂಪ ಕೇಳಿ. ಕೀಳುತ್ತೇನೆ, ಕೀಳಬೇಡ, ಕೀಳಲಿಲ್ಲ, ಕೀಳುವ: ಇವೆಲ್ಲ ಒಂದು ಕಡೆ. ಕಿತ್ತೆ, ಕಿತ್ತ, ಕಿತ್ತು, ಕಿತ್ತುಕೊ: ಇವು ಇನ್ನೊಂದು ಕಡೆ. ದೀರ್ಘ ‘ಕೀ’ ಗಿಡ್ಡ ‘ಕಿ’ ಆಗಿದೆ, ‘ಳ’ ಮಾಯವಾಗಿ ‘ತ್ತ’ ಬಂದಿದೆ. ಹೀಗೇ ಆಗುವ ಬೇರೆ ಪದ ಇದೆಯಾ ಅಂತ ಯೋಚಿಸಿ. ನಮ್ಮ ಹುಡುಗಿಗೆ ಎರಡು ನಿಮಿಷದಲ್ಲಿ ಸಿಕ್ಕಿತು: ಬೀಳು, ಬಿದ್ದೆ. ಏಳು, ಎದ್ದೆ. “ಬೀಳಿದೆ ಅಂತ ಯಾರೂ ಅನ್ನಲ್ಲ ಅಲ್ವಾ ಚಿಕ್ಕಮ್ಮ” ಅಂದಳು. ಅಲ್ಲಿಗೆ ಅವಳ ಪ್ರಶ್ನೆಗೆ ಅರ್ಧ ಉತ್ತರ ಅವಳೇ ಕೊಟ್ಟಳು. ಕೀಳು ಒಂಟಿ ಪದ ಅಲ್ಲ, ಅದಕ್ಕೆ ಅಣ್ಣತಮ್ಮಂದಿರಿದ್ದಾರೆ.

ಇನ್ನರ್ಧಕ್ಕೆ ಒಂದು ಕಳೆದುಹೋದ ಅಕ್ಷರ ಬೇಕು. ಹಳಗನ್ನಡದಲ್ಲಿ ‘ಳ’ ಅಲ್ಲದೆ ‘ೞ’ ಅಂತ ಇನ್ನೊಂದು ಅಕ್ಷರ ಇತ್ತು. ತಮಿಳಿನವರು ‘ತಮಿಳು’ ಅನ್ನುವ ಪದದ ಕೊನೆಯಲ್ಲಿ ನಾಲಿಗೆಯನ್ನು ಹಿಂದಕ್ಕೆ ಮಡಚಿ ಒಂದು ಸದ್ದು ಮಾಡುತ್ತಾರಲ್ಲ, ಅದೇ. ಅವರಲ್ಲಿ, ಮಲಯಾಳದವರಲ್ಲಿ ಇನ್ನೂ ಇದೆ. ನಮ್ಮಲ್ಲಿ ಆ ಸದ್ದು ನಿಧಾನವಾಗಿ ‘ಳ’ದ ಒಳಗೆ ಸೇರಿಹೋಯಿತು. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ ಅನ್ನುವ ಕನ್ನಡ ವ್ಯಾಕರಣ ಬರೆಯುವ ಹೊತ್ತಿಗೆ ಯಾವ ಪದದಲ್ಲಿ ‘ೞ’ ಬರಬೇಕು ಅಂತ ಪ್ರತ್ಯೇಕ ಹೇಳಿಕೊಡಬೇಕಾದ ಪರಿಸ್ಥಿತಿ ಇತ್ತು. ಅವನು ಇದನ್ನು ‘ರಳ’ ಅಂತ ಕರೆಯುತ್ತಾನೆ.

ಹಳೆಯ ರೂಪಗಳು ಹೀಗಿದ್ದವು. ಬೀೞ್, ಬಿೞ್ದು. ಏೞ್, ಎೞ್ದು. ಕೀೞ್, ಕಿೞ್ತು. ನಿಧಾನವಾಗಿ ಓದಿ. ‘ೞ್’ ಜೊತೆ ‘ದ’ ಅಥವಾ ‘ತ’ ಬಂದಾಗ ನಾಲಿಗೆಗೆ ಕಷ್ಟ. ಮುಂದಿನ ಅಕ್ಷರ ಹಿಂದಿನದನ್ನು ತನ್ನ ಹಾಗೇ ಮಾಡಿಕೊಂಡಿತು: ಬಿದ್ದು, ಎದ್ದು, ಕಿತ್ತು. ನಡುವೆ ‘ಬಿರ್ದು’, ‘ಎರ್ದು’ ಅನ್ನುವ ಮೆಟ್ಟಿಲೂ ಇತ್ತು.

‘ೞ್ತ’ ಹೋಗಿ ‘ತ್ತ’ ಆಗುವುದು ಇದೊಂದೇ ಕಡೆ ಅಲ್ಲ. ತಮಿಳಿನಲ್ಲಿ ಕತ್ತೆಗೆ ‘ಕೞುದೈ’, ಕತ್ತಿಗೆ, ಅಂದರೆ ಕುತ್ತಿಗೆಗೆ, ‘ಕೞುತ್ತು’. ಹಳಗನ್ನಡದಲ್ಲಿ ಕೞ್ತೆ, ಕೞ್ತು. ಈಗ ಕತ್ತೆ, ಕತ್ತು. ಕಿೞ್ತು ಕಿತ್ತು ಆದದ್ದೂ ಇದೇ ದಾರಿಯಲ್ಲಿ. ಒಂದು ಬದಲಾವಣೆ ನಿಜವಾ ಅಂತ ನೋಡಬೇಕಾದರೆ ಹೀಗೆ ಸಂಬಂಧವೇ ಇಲ್ಲದ ಪದಗಳಲ್ಲೂ ಅದು ನಡೆದಿದೆಯಾ ಅಂತ ನೋಡಬೇಕು. ನಡೆದಿದ್ದರೆ ಅದು ಕಾಕತಾಳೀಯ ಅಲ್ಲ.

ಇಲ್ಲಿ ಒಂದು ಎಚ್ಚರಿಕೆ. ‘ೞ ಇದ್ದದ್ದರಿಂದಲೇ ಕಿತ್ತೆ ಆಯಿತು, ಕೇಳುವಿನಲ್ಲಿ ಬರೀ ಳ ಇತ್ತು, ಅದಕ್ಕೇ ಕೇಳಿದೆ ಆಯಿತು’ ಅಂತ ಹೇಳಿಬಿಡೋಣ ಅನ್ನಿಸುತ್ತದೆ. ಕೇಳುವಿನ ಮಟ್ಟಿಗೆ ಸರಿ, ತಮಿಳಿನಲ್ಲೂ ಅದು ಸಾದಾ ‘ಳ’. ಆದರೆ ‘ಹೇಳು’ ಇದೆಯಲ್ಲ, ಅದು ಹಳಗನ್ನಡದಲ್ಲಿ ‘ಪೇೞ್’, ಅಲ್ಲೂ ‘ೞ’ ಇತ್ತು! ಅದರ ಭೂತಕಾಲ ‘ಪೇೞ್ದು’. ಸ್ವರ ಗಿಡ್ಡ ಆಗಲೇ ಇಲ್ಲ, ಮುಂದೆ ‘ಹೇಳಿದೆ’ ಅಂತ ಹೊಸ ದಾರಿ ಹಿಡಿಯಿತು. ‘ಬಾಳು’ ಕೂಡ ಹಾಗೇ, ಬಾೞ್ ಇದ್ದದ್ದು ಈಗ ಬಾಳಿದೆ. ಹಾಗಾಗಿ ನಾನು ಹುಡುಗಿಗೆ ಹೇಳಿದ ಉತ್ತರ ಇಷ್ಟು: ‘ೞ’ ಇದ್ದು, ಭೂತಕಾಲದಲ್ಲಿ ಸ್ವರವೂ ಗಿಡ್ಡ ಆದ ಈ ಮೂವರು ಅಣ್ಣತಮ್ಮಂದಿರು ಹಳೆಯ ರೂಪವನ್ನೇ ಉಳಿಸಿಕೊಂಡರು, ಹೇಳು ಬಾಳುಗಳು ಕೇಳುವಿನ ಗುಂಪಿಗೆ ಸೇರಿಕೊಂಡವು. ಅವಳು ‘ಕೀಳಿದೆ’ ಅಂದಾಗ ಮಾಡಿದ್ದೂ ಅದನ್ನೇ. ಹೇಳು ಹಿಂದೆ ಮಾಡಿದ್ದನ್ನು ಕೀಳುವಿಗೂ ಮಾಡಿಸಲು ಹೋದಳು.

ಈಗ ನಿಘಂಟು ತೆಗೆಯಿರಿ

ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೂಲ ಹುಡುಕುವವರಿಗೆ ಇವತ್ತಿಗೂ ಅದು ಮೊದಲ ಬಾಗಿಲು, ಯಾಕೆಂದರೆ ಅವರು ‘ೞ’ ಮತ್ತು ‘ಱ’ (ಹಳಗನ್ನಡದ ಇನ್ನೊಂದು ‘ರ’) ಇರುವ ಪದಗಳನ್ನು ಆ ಅಕ್ಷರದಲ್ಲೇ ತೋರಿಸುತ್ತಾರೆ. ಅದಾದ ಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟು. ಅದರ ದೊಡ್ಡ ಗುಣ ಏನೆಂದರೆ ಅರ್ಥದ ಜೊತೆ ಹಳೆಯ ಕಾವ್ಯ, ಶಾಸನಗಳಿಂದ ಸಾಲು ಕೊಡುತ್ತದೆ. ಪದ ಯಾವ ಕಾಲದಲ್ಲಿ ಯಾವ ವೇಷದಲ್ಲಿತ್ತು ಅಂತ ಕಣ್ಣಿಗೆ ಕಾಣುತ್ತದೆ. ಆ ಕೆಲಸದ ಮುಂದಾಳು ಜಿ. ವೆಂಕಟಸುಬ್ಬಯ್ಯನವರ ಹೆಸರಿನಲ್ಲಿರುವ ‘ಜಿ’ ನಮ್ಮ ಶ್ರೀರಂಗಪಟ್ಟಣದ ಗಂಜಾಂ. ಇದನ್ನು ಹೇಳುವಾಗ ನಮ್ಮ ಜಿಲ್ಲೆಯವಳಾಗಿ ನನಗೆ ತುಂಬಾ ಹೆಮ್ಮೆ.

ಮೈಸೂರಿನಲ್ಲಿರುವವರಿಗೆ ವಿಶ್ವವಿದ್ಯಾಲಯದ ಮಾನಸಗಂಗೋತ್ರಿ, ಅಲ್ಲಿನ ಲೈಬ್ರರಿ ಹತ್ತಿರ. ಊರಲ್ಲಿರುವವರಿಗೆ ಫೋನು ಸಾಕು. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ನಡೆಸುವ ‘ಭಾರತವಾಣಿ’ಯಲ್ಲಿ ಹಲವು ನಿಘಂಟು ಪುಕ್ಕಟೆ ಸಿಗುತ್ತವೆ. ‘ಅಲರ್’ ಅನ್ನುವ ಆನ್‌ಲೈನ್ ಕನ್ನಡ ನಿಘಂಟೂ ಇದೆ. ಅಣ್ಣತಮ್ಮ ಭಾಷೆಗಳನ್ನು ಒಟ್ಟಿಗೆ ನೋಡಬೇಕಾದರೆ ಬರೋ ಮತ್ತು ಎಮೆನೊ ಅನ್ನುವ ಇಬ್ಬರು ಭಾಷಾ ವಿದ್ವಾಂಸರು ಸೇರಿ ಮಾಡಿದ ದ್ರಾವಿಡ ವ್ಯುತ್ಪತ್ತಿ ಕೋಶ. ಮೊದಲು ಬಂದದ್ದು 1961ರಲ್ಲಿ, ತಿದ್ದಿದ ಆವೃತ್ತಿ 1984ರಲ್ಲಿ. ಷಿಕಾಗೋ ವಿಶ್ವವಿದ್ಯಾಲಯದ ಜಾಲದಲ್ಲಿ ಅದನ್ನು ಹುಡುಕಿ ಓದಬಹುದು.

ಹುಡುಕುವಾಗ ಮೂರು ಕಡೆ ಜನ ಎಡವುತ್ತಾರೆ. ಒಂದು, ‘ಕಿತ್ತು’ ಅಂತ ಹುಡುಕಿ ಸಿಗಲಿಲ್ಲ ಅಂತ ಬಿಟ್ಟುಬಿಡುವುದು. ಮೂಲ ರೂಪ ಕೊಡಿ: ಕೀಳು, ಕೀಳ್, ಕೀೞ್, ಮೂರನ್ನೂ ಕೊಟ್ಟು ನೋಡಿ. ಎರಡು, ಈಗ ‘ಹ’ದಿಂದ ಶುರುವಾಗುವ ತುಂಬಾ ಪದ ಹಳೆಯದರಲ್ಲಿ ‘ಪ’ದಲ್ಲಿರುತ್ತವೆ, ಹಾಲು ಪಾಲ್, ಹೂವು ಪೂವು. ಮೂರು, ‘ೞ’ ಟೈಪ್ ಮಾಡಲು ಕೀಬೋರ್ಡಿನಲ್ಲಿ ಸಿಗದೇ ಹೋಗುವುದು. ಎಲ್ಲಾದರೂ ಕಂಡಾಗ ಕಾಪಿ ಮಾಡಿ ಫೋನಿನ ನೋಟ್ಸ್‌ನಲ್ಲಿ ಇಟ್ಟುಕೊಳ್ಳಿ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ಮೊದಲು ತಪ್ಪಾಗಿ ‘ಫ’ ಅಂತ ಹೆಸರಿಟ್ಟರು, ಒಮ್ಮೆ ಇಟ್ಟ ಹೆಸರು ಅಲ್ಲಿ ಬದಲಾಗುವುದಿಲ್ಲ. ಹಾಗಾಗಿ ಹೆಸರು ನೋಡಿ ಹುಡುಕಿದರೆ ದಾರಿ ತಪ್ಪುತ್ತದೆ, ಆಕಾರ ನೋಡಿ ಹುಡುಕಿ.

ಹಳೆಯ ಸಾಲುಗಳಲ್ಲಿ ಕೀೞ್ ಏನೇನು ಕೀಳುತ್ತಿತ್ತು ಅಂತ ನೋಡಿದರೆ ಖುಷಿಯಾಗುತ್ತದೆ. ಕತ್ತಿ! ವೀರರು ಒರೆಯಿಂದ ಕತ್ತಿಯನ್ನು ಕೀಳುತ್ತಾರೆ. ಒರೆಯಿಂದ ಹೊರಗೆ ಬಂದ ಅಲಗಿಗೆ ‘ಕಿತ್ತಲಗು’ ಅಂತಲೇ ಹೆಸರು, ಕಿತ್ತ ಅಲಗು. ಈಗ ನಾವು ಕತ್ತಿಯನ್ನು ಹಿರಿಯುತ್ತೇವೆ, ಕೀಳುವುದಿಲ್ಲ. ಆದರೆ ಅರ್ಥದ ಆಕಾರ ಅದೇ: ಒಂದು ಕಡೆ ಗಟ್ಟಿಯಾಗಿ ಕೂತದ್ದು ಒಂದೇ ಎಳೆತಕ್ಕೆ ಕೈಗೆ ಬಂತು. ಅಜ್ಜಿಯ ತಲೆಯ ಬಿಳಿಕೂದಲೂ ರಣರಂಗದ ಕತ್ತಿಯೂ ಒಂದೇ ಕ್ರಿಯಾಪದದ ಕೆಳಗೆ ಬಂದಿವೆ.

ಪಕ್ಕದ ಮನೆ ಭಾಷೆ ಕೇಳಿ

ಮೈಸೂರು ಮಂಡ್ಯದಲ್ಲಿ ತಮಿಳು, ತೆಲುಗು, ಮಲಯಾಳ ಆಡುವವರು ಯಾರಾದರೂ ಗೊತ್ತಿದ್ದೇ ಇರುತ್ತಾರೆ. ‘ನಿಮ್ಮಲ್ಲಿ ಕೂದಲು ಕೀಳುವುದಕ್ಕೆ ಏನಂತೀರಿ’ ಅಂತ ಕೇಳಿ. ತಮಿಳಿನವರು ‘ಪಿಡುಂಗು’ ಅನ್ನುತ್ತಾರೆ. ತೆಲುಗಿನವರು ‘ಪೀಕು’. ಮಲಯಾಳದವರು ‘ಪಱಿಕ್ಕು’. ಮೂರೂ ನಮ್ಮದಕ್ಕಿಂತ ಬೇರೆ. ಅಂದರೆ ಈ ಕೆಲಸಕ್ಕೆ ಒಂದೊಂದು ಭಾಷೆ ಒಂದೊಂದು ಪದವನ್ನು ಮುಂದಕ್ಕೆ ತಂದಿದೆ. ಆದರೆ ‘ಪಱಿಕ್ಕು’ವಿನ ಪಱಿ ನಮ್ಮಲ್ಲೂ ಇದೆ, ಹಳಗನ್ನಡದ ‘ಪಱಿ’ಯೇ ಈಗಿನ ‘ಹರಿ’. ಅವರು ಅದನ್ನು ಕೂದಲಿಗೆ ಇಟ್ಟುಕೊಂಡರು, ನಾವು ಬಟ್ಟೆಗೆ, ಕಾಗದಕ್ಕೆ ಇಟ್ಟುಕೊಂಡೆವು.

ಕೂದಲಿನ ವಿಷಯಕ್ಕೆ ಬಂದರೆ ಕತೆ ಬೇರೆ. ತಮಿಳಿನಲ್ಲಿ ಹೆಂಗಸರ ಕೂದಲಿಗೆ ‘ಕೂಂದಲ್’ ಅನ್ನುತ್ತಾರೆ, ಹಳಗನ್ನಡದಲ್ಲೂ ‘ಕೂಂದಲ್’. ನಡುವಿನ ಸೊನ್ನೆ ನಮ್ಮಲ್ಲಿ ಉದುರಿತು. ತೋಂಟ ತೋಟ ಆಯಿತು, ದಾಂಟು ದಾಟು ಆಯಿತು, ಹಾಗೇ ಕೂಂದಲ್ ಕೂದಲು ಆಯಿತು. ಬಿಳಿಕೂದಲಿಗೆ ನಾವು ಅನ್ನುವ ‘ನರೆ’ಗೂ ತಮಿಳಿನಲ್ಲಿ ‘ನರೈ’ ಇದೆ.

ಹೋಲಿಕೆ ನೋಡಿ ಮೋಸ ಹೋಗಬೇಡಿ

ಸದ್ದು ಒಂದೇ ಇದ್ದರೆ ಮೂಲ ಒಂದೇ ಅಂತ ಹೇಳುವವರು ಜಾಸ್ತಿ. ‘ಕೀಳು ಮನುಷ್ಯ’ ಅನ್ನುವಾಗಿನ ಕೀಳು ಬೇರೆ. ಅದು ‘ಕೆಳಗೆ’ಯ ಕಡೆಯದು, ತಮಿಳಿನ ‘ಕೀೞ್’, ಮೇಲು ಕೀಳು ಅನ್ನುವ ಜೋಡಿಯದು. ಗೊಂದಲ ಬಂದರೆ ಭೂತಕಾಲ ಹೇಳಿಸಿ ನೋಡಿ. ಈ ಕೀಳಿಗೆ ಭೂತಕಾಲವೇ ಇಲ್ಲ, ಅದು ಕ್ರಿಯಾಪದ ಅಲ್ಲ. ಏಳು ಅಂತ ಎಬ್ಬಿಸುವುದಕ್ಕೂ ಏಳು ಅನ್ನುವ ಸಂಖ್ಯೆಗೂ ಇರುವಷ್ಟೇ ಸಂಬಂಧ.

ಕಿತ್ತಳೆ ಹಣ್ಣಂತೂ ಪ್ರತಿ ಮನೆಯಲ್ಲೂ ಬರುತ್ತದೆ, ‘ಮರದಿಂದ ಕಿತ್ತ ಹಣ್ಣು ಕಿತ್ತಳೆ’ ಅಂತ. ಕಿತ್ತ ಹಣ್ಣೆಲ್ಲ ಕಿತ್ತಳೆ ಆಗಬೇಕಿತ್ತು ಹಾಗಾದರೆ. ತಮಿಳಿನಲ್ಲೂ ತೆಲುಗಿನಲ್ಲೂ ಅದಕ್ಕೆ ‘ಕಿಚ್ಚಿಲಿ’ ಅಂತ ಹೆಸರಿದೆ, ಅಲ್ಲಿ ‘ತ್ತ’ ಇಲ್ಲವೇ ಇಲ್ಲ. ಭೂತಕಾಲದ ‘ತ್ತ’ ಅಲ್ಲದ ಮೇಲೆ ನಮ್ಮ ಕೀಳುವಿನಿಂದ ಅದು ಹುಟ್ಟಿಲ್ಲ.

ಒಂದು ಕೂದಲು ಕಿತ್ತರೆ ಹತ್ತು ಹುಟ್ಟುತ್ತದೆ ಅನ್ನುವುದೂ ನಿಜವಲ್ಲ. ಒಂದು ಬುಡದಲ್ಲಿ ಕಿತ್ತರೆ ಪಕ್ಕದ ಬುಡಗಳು ಹೆಚ್ಚಾಗುವುದಿಲ್ಲ, ಅಲ್ಲೇ ಮತ್ತೆ ಬಿಳಿಯದೇ ಬರುತ್ತದೆ. ಮತ್ತೆ ಮತ್ತೆ ಕಿತ್ತರೆ ಬುಡ ಹಾಳಾಗಬಹುದು. ಹತ್ತಕ್ಕೆ ಐದು ರೂಪಾಯಿ ಒಪ್ಪಂದವನ್ನು ಅಮ್ಮ ಇದಕ್ಕೇ ಮೂರನೇ ದಿನ ನಿಲ್ಲಿಸಿದರು.

ಇದೇ ಕೆಲಸಕ್ಕೆ ಇನ್ನೊಂದು ಹೆಸರು: ಲೋಚ

ಕೂದಲು ಕೀಳುವುದಕ್ಕೆ ನಮ್ಮ ಸೀಮೆಯಲ್ಲಿ ಇನ್ನೊಂದು ಪದವೂ ಬಹಳ ಹಳೆಯದು. ಜೈನ ಮುನಿಗಳ ಕೇಶಲೋಚ. ನಾಗಮಂಗಲ ತಾಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಗೆ ಹೋದವರು, ಅಲ್ಲಿಂದ ಶ್ರವಣಬೆಳಗೊಳಕ್ಕೆ ಹೋದವರು ಈ ಮಾತು ಕೇಳಿರುತ್ತೀರಿ. ದಿಗಂಬರ ಮುನಿಗಳು ತಪ್ಪದೆ ಪಾಲಿಸಬೇಕಾದ 28 ಮೂಲಗುಣಗಳಲ್ಲಿ ಕೇಶಲೋಚವೂ ಒಂದು. ಎರಡು, ಮೂರು ಅಥವಾ ಹೆಚ್ಚೆಂದರೆ ನಾಲ್ಕು ತಿಂಗಳಿಗೊಮ್ಮೆ ತಲೆ, ಗಡ್ಡ, ಮೀಸೆಯ ಕೂದಲನ್ನು ತಮ್ಮ ಕೈಯಾರೆ ಕೀಳುತ್ತಾರೆ. ಕೈ ಜಾರದಿರಲಿ ಅಂತ ಬೂದಿ ಹಚ್ಚಿಕೊಳ್ಳುತ್ತಾರೆ. ಕತ್ತರಿ, ಕ್ಷೌರದ ಕತ್ತಿ ಇಟ್ಟುಕೊಳ್ಳಬಾರದು, ಇನ್ನೊಬ್ಬರನ್ನು ನೆಚ್ಚಿಕೊಳ್ಳಬಾರದು, ಕೂದಲು ಬೆಳೆದು ಹೇನಾಗಿ ಆ ಜೀವಕ್ಕೆ ಹಿಂಸೆ ಆಗಬಾರದು. ದೀಕ್ಷೆಯ ದಿನ ಐದು ಹಿಡಿಯಲ್ಲಿ ಕೀಳುವುದಕ್ಕೆ ಪಂಚಮುಷ್ಟಿ ಲೋಚ ಅನ್ನುತ್ತಾರೆ.

ಇದರ ಬೇರು ಸಂಸ್ಕೃತದ ‘ಲುಂಚ್’ ಧಾತು, ಅರ್ಥ ಕೀಳು, ಸುಲಿ. ಅದರಿಂದ ಲುಂಚನ, ಕೇಶಲುಂಚನ. ಬಸದಿಯಲ್ಲಿ ಲೋಚ ಅನ್ನುವವರೂ ಮನೆಗೆ ಬಂದು ಮಗುವಿನ ಹಲ್ಲಿಗೆ ಕೀಳು ಅಂತಲೇ ಅನ್ನುತ್ತಾರೆ. ಲೋಚ ವ್ರತದ ಪದವಾಗಿ ಉಳಿಯಿತು, ಮಿಕ್ಕಿದ್ದೆಲ್ಲ ಕೀಳುವಿನ ಪಾಲಿಗೆ ಬಂತು. ನೀವು ಯಾವ ಕ್ರಿಯಾಪದ ಹುಡುಕಿದರೂ ಈ ಪ್ರಶ್ನೆ ಹಾಕಿ: ಇದೇ ಕೆಲಸಕ್ಕೆ ದೇವಸ್ಥಾನದಲ್ಲಿ, ಬಸದಿಯಲ್ಲಿ, ಮಠದಲ್ಲಿ ಬೇರೆ ಪದ ಇದೆಯಾ? ಇದ್ದರೆ ಎರಡರ ನಡುವಿನ ಬೇಲಿ ಎಲ್ಲಿದೆ?

ಬಳಸುವಾಗ

‘ಕೀಳಿಸಿದೆ’ ಸರಿಯಾದ ರೂಪವೇ, ಆದರೆ ಅರ್ಥ ಬೇರೆ, ಇನ್ನೊಬ್ಬರಿಂದ ಮಾಡಿಸಿದ್ದು. ಡಾಕ್ಟರ ಹತ್ತಿರ ಹಲ್ಲು ಕೀಳಿಸಿದೆ. ನಾನೇ ಕಿತ್ತರೆ ಕಿತ್ತೆ. ಮಗುವಿನ ಕಿವಿಗೆ ‘ಕೀಳಿಸಿದೆ’ ಬಿದ್ದೇ ‘ಕೀಳಿದೆ’ ಹುಟ್ಟಿರಲೂಬಹುದು.

ಕಿತ್ತು ಅನ್ನುವುದರ ಮಕ್ಕಳು ತುಂಬಾ. ಕಿತ್ತುಕೊ ಅಂದರೆ ಬಲವಂತವಾಗಿ ತೆಗೆದುಕೊ. ಕಿತ್ತಾಡು ಅಂದರೆ ಜಗಳ ಆಡು, ಒಬ್ಬರನ್ನೊಬ್ಬರು ಎಳೆದಾಡಿದ ಹಾಗೆ. ಕಿತ್ತುಹೋಗು ಅಂದರೆ ತಾನೇ ಬಿಟ್ಟುಬರು, ಚಪ್ಪಲಿ ಬಾರು ಕಿತ್ತೋಯ್ತು. ಕಾಲು ಕಿತ್ತ, ಓಟ ಕಿತ್ತ ಅಂದರೆ ಓಡಿಹೋದ. ನೆಲದಲ್ಲಿ ನೆಟ್ಟ ಕಾಲನ್ನು ಪೈರಿನ ಹಾಗೆ ಎತ್ತಿ ಹೊರಟ ಚಿತ್ರ ಅದು, ನನಗಂತೂ ಬಹಳ ಇಷ್ಟ. ಕಿತ್ತು ತಿನ್ನುವ ಬಡತನ, ಕರುಳು ಕಿತ್ತು ಬರುವ ಅಳು. ಇವೆಲ್ಲ ಎಲ್ಲಿ ಬೇಕಾದರೂ ಬಳಸಿ. ಆದರೆ ‘ಏನ್ ಕಿತ್ಕೊತೀಯ’, ‘ಏನ್ ಕಿತ್ತಾಕ್ದೆ’ ಅನ್ನುವ ಜಗಳದ ಮಾತುಗಳಲ್ಲಿ ಏನನ್ನು ಕೀಳುವುದು ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಅದು ಕೂದಲೇ, ಹೇಳಬಾರದ ಜಾಗದ್ದು. ಹುಡುಗರು ಅರ್ಥ ಗೊತ್ತಿಲ್ಲದೆ ಮನೆಯಲ್ಲಿ ಆಡಿಬಿಡುತ್ತಾರೆ, ದೊಡ್ಡವರ ಮುಖ ಗಂಟಾಗುತ್ತದೆ. ಮಕ್ಕಳಿಗೆ ಬಯ್ಯುವ ಬದಲು ಇದನ್ನು ಹೇಳಿಕೊಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಹೊರಡುವ ದಿನ ಬೆಳಿಗ್ಗೆ ಹುಡುಗಿ ನೋಟ್‌ಬುಕ್ಕು ಹಿಡಿದು ಬಂದಳು. “ಚಿಕ್ಕಮ್ಮ, ಹೂಳು ಅಂದ್ರೆ ಹೂಳಿದೆ ಅನ್ನಬೇಕಾ, ಹೂತೆ ಅನ್ನಬೇಕಾ?” ಹಳೆಯ ರೂಪ ‘ಪೂೞ್’ ಅಂತ ಬರೆದುಕೊಟ್ಟೆ, ಎರಡೂ ಬಳಕೆಯಲ್ಲಿವೆ ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ, ಸೀದಾ ಹಿತ್ತಲಿಗೆ ಹೋದಳು. ಅಮ್ಮ ಅಲ್ಲಿ ಕಸ ಹೂಳುವ ಗುಂಡಿಗೆ ಮಣ್ಣು ಎಳೆಯುತ್ತಿದ್ದರು. “ಅಜ್ಜಿ, ಏನ್ ಮಾಡಿದ್ರಿ ಈಗ?”

“ಕಸ ಹೂತೆ ಕಣವ್ವ” ಅಂದರು ಅಮ್ಮ. ಅವಳು ಅಲ್ಲೇ ನಿಂತು ಬರೆದುಕೊಂಡಳು.